ಗಡಿನಾಡಿನ ಸಣ್ಣ ಧಾರ್ಮಿಕ ಕಾಲೇಜುಗಳು: ಸೇರಿದವರಲ್ಲಿ ಡಿಗ್ರಿ ಮುಗಿಸುವವರೆಷ್ಟು?

ಪ್ಲಸ್ ಟು (ಹನ್ನೆರಡನೆಯ ತರಗತಿ) ಫಲಿತಾಂಶ ಬಂದದ್ದೇ ತಡ, ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕದ ಪೇಟೆಗಳಲ್ಲಿ ಡಿಗ್ರಿ ಕಾಲೇಜುಗಳ ಫ್ಲೆಕ್ಸ್‌ಗಳು ಏಳುತ್ತವೆ. ಮಠವೋ ಚರ್ಚೋ ಮಸೀದಿ ಕಮಿಟಿಯೋ ನಡೆಸುವ ಸಣ್ಣ ಕಾಲೇಜಿನದ್ದಾದರೆ ಶೇಕಡಾವಾರು ಫಲಿತಾಂಶವೇ ಅದರಲ್ಲಿ ದೊಡ್ಡ ಅಕ್ಷರ. ಹೆತ್ತವರು ನಂಬುವುದೂ ಅದನ್ನೇ. ಆದರೆ ಆ ಅಂಕೆ ಹೇಳುವುದು ಕೊನೆಯ ಪರೀಕ್ಷೆ ಬರೆದವರ ಕಥೆಯನ್ನು ಮಾತ್ರ. ಮೊದಲ ದಿನ ಸೇರಿದವರದ್ದಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಬಿಕಾಂಗೆ 40 ಮಂದಿ ಸೇರಿದರು ಎಂದಿಟ್ಟುಕೊಳ್ಳಿ. ಎರಡನೇ ವರ್ಷಕ್ಕೆ 31 ಮಂದಿ ಉಳಿದರು, ಕೊನೆಯ ಪರೀಕ್ಷೆಗೆ ಕುಳಿತವರು 28, ಪಾಸಾದವರು 27. ಫ್ಲೆಕ್ಸ್‌ನಲ್ಲಿ ಶೇ. 96 ಎಂದು ಬರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಸೇರಿದ 40ರಲ್ಲಿ ಡಿಗ್ರಿ ಕೈಗೆ ಬಂದದ್ದು ಶೇ. 67.5 ಮಂದಿಗೆ. ಮೊದಲ ವರ್ಷದಿಂದ ಎರಡನೆಯದಕ್ಕೆ ಉಳಿದವರು ಶೇ. 77.5. ಕಾಲೇಜನ್ನು ತೂಗಬೇಕಾದದ್ದು ಈ ಎರಡು ಅಂಕೆಗಳಿಂದ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಕೇಳುವ ಪಾಸ್ ಶೇಕಡಾವಾರು ಕೂಡ ಅಂತಿಮ ವರ್ಷದವರದ್ದೇ, ಆದ್ದರಿಂದ ಒಳ್ಳೆಯ ಗ್ರೇಡ್ ಇದ್ದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಗುವುದಿಲ್ಲ.

ಸರಿಯಾದ ಅಂಕೆ ಸಿಗುವ ಜಾಗ ಕೇಂದ್ರ ಸರಕಾರದ ಕಾಲೇಜು ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್ ದಾಖಲೆ. ಅರ್ಜಿ ಹಾಕಿದ ಕಾಲೇಜು ಅದನ್ನು ತನ್ನ ಜಾಲತಾಣದಲ್ಲಿ ಹಾಕಬೇಕು. ಅದರ ಒಂದು ಕೋಷ್ಟಕದಲ್ಲಿ ಮಂಜೂರಾದ ಸೀಟು, ಮೊದಲ ವರ್ಷ ನಿಜಕ್ಕೂ ಸೇರಿದವರು, ನಿಗದಿತ ಅವಧಿಯೊಳಗೇ ಡಿಗ್ರಿ ಮುಗಿಸಿದವರು ಎಲ್ಲವೂ ಒಂದೇ ಸಾಲಿನಲ್ಲಿರುತ್ತದೆ. ಮೂರನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮುಗಿಯಿತು. ಸೀಟಿನ ಸಂಖ್ಯೆಯಿಂದ ಭಾಗಿಸಬೇಡಿ. ಸೀಟು ಖಾಲಿ ಉಳಿಯುವುದು ಬೇರೆ ಸಮಸ್ಯೆ. ಸಣ್ಣ ಕಾಲೇಜು ಅರ್ಜಿಯನ್ನೇ ಹಾಕಿರದಿದ್ದರೆ ಆಫೀಸಿನಲ್ಲಿ ನೇರವಾಗಿ ಕೇಳಿ: ಹಿಂದಿನ ಮೂರು ಬ್ಯಾಚುಗಳಲ್ಲಿ ಮೊದಲ ಸೆಮಿಸ್ಟರ್ ಪರೀಕ್ಷೆಗೆ ನೋಂದಾಯಿಸಿದವರೆಷ್ಟು, ಮೂರನೆಯದಕ್ಕೆಷ್ಟು, ಆರನೆಯದಕ್ಕೆಷ್ಟು? ಹೆಸರು ಬೇಡ, ಸಂಖ್ಯೆ ಸಾಕು. ಒಂದೇ ಬ್ಯಾಚ್ ನೋಡಿ ತೀರ್ಮಾನಿಸುವುದೂ ತಪ್ಪು, 20 ಮಂದಿಯ ತರಗತಿಯಲ್ಲಿ ಒಬ್ಬ ಬಿಟ್ಟರೆ ಶೇ. 5 ಬಿದ್ದುಹೋಗುತ್ತದೆ.

ಸೇರಿದವರಲ್ಲಿ ಮುಗಿಸಿದವರೆಷ್ಟು ಎಂಬ ಅಂಕೆಯನ್ನು ಅಮೆರಿಕದಲ್ಲಿ ಪ್ರಕಟಿಸಬೇಕೆಂದು 1990ರಲ್ಲೇ ಕಾನೂನಾಯಿತು. ನಾಲ್ಕು ವರ್ಷದ ಡಿಗ್ರಿಯನ್ನು ಆರು ವರ್ಷದೊಳಗೆ ಮುಗಿಸಿದವರನ್ನು ಅಲ್ಲಿ ಎಣಿಸುತ್ತಾರೆ. ತೀರಿಕೊಂಡವರು, ಸೈನ್ಯಕ್ಕೆ ಹೋದವರ ಜೊತೆಗೆ ಚರ್ಚಿನ ಅಧಿಕೃತ ಮಿಷನ್ ಸೇವೆಗೆ ಹೋದವರನ್ನೂ ಲೆಕ್ಕದಿಂದ ಬಿಡಬಹುದು. ಧಾರ್ಮಿಕ ಕಾಲೇಜಿಗೆ ಅನ್ಯಾಯವಾಗದ ಹಾಗೆ, ಬಿಟ್ಟುಹೋದವರ ಕಾರಣವನ್ನೂ ಬರೆದಿಡುವ ಆ ಕ್ರಮ ನಮ್ಮಲ್ಲೂ ಬರಬೇಕು.

ಇನ್ನು ನಮ್ಮ ಕಡೆ ಮಕ್ಕಳು ಯಾವಾಗ ಬಿಡುತ್ತಾರೆ, ಯಾಕೆ? ಮೊದಲ ಸೋರಿಕೆ ತರಗತಿ ಶುರುವಾದ ಕೆಲವೇ ವಾರಗಳಲ್ಲಿ. ಮುಂದಿನ ಅಲಾಟ್‌ಮೆಂಟಿನಲ್ಲಿ ಸರಕಾರಿ ಕಾಲೇಜು ಸಿಗುತ್ತದೆ, ನರ್ಸಿಂಗಿನದ್ದೋ ಪಾಲಿಟೆಕ್ನಿಕ್‌ನದ್ದೋ ಕರೆ ಬರುತ್ತದೆ, ಇಲ್ಲವೇ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಇದಕ್ಕೆ ಕಾಲೇಜನ್ನು ದೂರುವಂತಿಲ್ಲ. ಆದರೆ ಬಿಡುವವರ ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವುದು ತಪ್ಪು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಎರಡನೆಯ ಸೋರಿಕೆಯೇ ನಿಜವಾದ ನೋವು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪ್ಲಸ್ ಟುವನ್ನು ಹೇಗೋ ದಾಟಿರುತ್ತಾಳೆ. ಡಿಗ್ರಿಯಲ್ಲಿ ಪುಸ್ತಕ ಇಂಗ್ಲಿಷಿನದ್ದು, ವಿವರಣೆ ಮಲಯಾಳದ್ದು. ಕೈಯೆತ್ತಿ ಪ್ರಶ್ನೆ ಕೇಳಲು ಎರಡೂ ಭಾಷೆ ಒದಗಿ ಬರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಮತ್ತು ಅಕೌಂಟೆನ್ಸಿ ಹೋಗುತ್ತದೆ, ಎರಡನೆಯದರಲ್ಲಿ ಸಪ್ಲಿ (ಮರುಪರೀಕ್ಷೆ) ಸೇರಿಕೊಳ್ಳುತ್ತದೆ, ಆಮೇಲೆ ಹಾಜರಾತಿ 75ಕ್ಕಿಂತ ಕೆಳಗಿಳಿಯುತ್ತದೆ. ಟಿಸಿ ಕೇಳುವುದು ಕೊನೆಯ ಹಂತ, ಮನಸ್ಸು ಬಿಟ್ಟಿರುವುದು ತಿಂಗಳುಗಳ ಹಿಂದೆ. ಹಾಗಾಗಿ ಕಾಲೇಜಿನಲ್ಲಿ ಕೇಳಲೇಬೇಕಾದ ಪ್ರಶ್ನೆ: ಇಂಗ್ಲಿಷಿನ ಜೊತೆಗಿನ ಇನ್ನೊಂದು ಭಾಷೆಯಾಗಿ ಕನ್ನಡ ಇದೆಯೇ, ಅದಕ್ಕೆ ವರ್ಷವಿಡೀ ಇರುವ ಅಧ್ಯಾಪಕರಿದ್ದಾರೆಯೇ? ‘ಕೇಳುವ ಮಕ್ಕಳಿದ್ದರೆ ಕೊಡುತ್ತೇವೆ’ ಎಂದರೆ ಇಲ್ಲ ಎಂದೇ ತಿಳಿಯಿರಿ. ಮೊದಲ ತಿಂಗಳು ಇಂಗ್ಲಿಷ್ ಮತ್ತು ಲೆಕ್ಕಶಾಸ್ತ್ರಕ್ಕೆ ಬ್ರಿಡ್ಜ್ ಕೋರ್ಸ್ ನಡೆಸುವ ಕಾಲೇಜಿಗೆ ನಮ್ಮ ಪೂರ್ತಿ ಅಂಕ.

ಅಧ್ಯಾಪಕರ ಓಡಾಟವೂ ಇಲ್ಲೇ ಪೆಟ್ಟು ಕೊಡುತ್ತದೆ. ಅನುದಾನವಿಲ್ಲದ ಕಾಲೇಜಿನಲ್ಲಿ ಸಂಬಳ ಕಮ್ಮಿ, ಸರಕಾರಿ ಕೆಲಸದ ಪಿಎಸ್‌ಸಿ ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದವರು ಸೆಮಿಸ್ಟರಿನ ನಡುವೆಯೇ ಹೊರಡುತ್ತಾರೆ. ಇಂಟರ್ನಲ್ ಅಂಕ ಅರ್ಧಕ್ಕೆ ನಿಲ್ಲುತ್ತದೆ, ಹೊಸಬರಿಗೆ ಯಾವ ಮಗು ಎಲ್ಲಿ ಹಿಂದುಳಿದಿದೆ ಎಂಬುದೂ ಗೊತ್ತಿರುವುದಿಲ್ಲ.

ಇಷ್ಟಾದರೂ ಈ ಸಣ್ಣ ಕಾಲೇಜುಗಳನ್ನು ತಳ್ಳಿಹಾಕಲು ನಾವು ತಯಾರಿಲ್ಲ. ಚೆನ್ನಾಗಿ ನಡೆಯುವ ಕಡೆ ಮಗು ಮೂರು ದಿನ ಕಾಣದಿದ್ದರೆ ಮನೆಗೆ ಫೋನ್ ಹೋಗುತ್ತದೆ. ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ ಟ್ರಸ್ಟ್ ಕಟ್ಟುತ್ತದೆ, ಮಧ್ಯಾಹ್ನ ಊಟ ಹಾಕುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕಳಿಸುವುದೇ ‘ನಮ್ಮವರ ಕಾಲೇಜು’ ಎಂಬ ಧೈರ್ಯದಿಂದ. ಎರಡನೇ ವರ್ಷದಲ್ಲಿ ದುಡ್ಡಿನ ಅಡಚಣೆಯಿಂದಲೋ ಮದುವೆಯ ಮಾತಿನಿಂದಲೋ ಬಿಡುವವರನ್ನು ತಡೆದು ನಿಲ್ಲಿಸುವುದು ಆಡಳಿತ ಮಂಡಳಿಯವರೇ ಮನೆಗೆ ಹೋಗಿ ಆಡುವ ಒಂದು ಮಾತು. ದೊಡ್ಡ ಕಾಲೇಜಿನಿಂದ ಅದು ಆಗದ ಕೆಲಸ.

ಪ್ರಾರ್ಥನೆಯ ಬಗ್ಗೆ ಅಂಜಿಕೆ ಇರುವವರಿಗೆ: ಸಂವಿಧಾನದ 28(3)ನೇ ವಿಧಿಯಂತೆ ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆ, ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಹೆತ್ತವರ ಒಪ್ಪಿಗೆ ಬೇಕು.

ಇಲ್ಲಿನ ಕಾಲೇಜುಗಳು ಸೇರಿದ ಕಣ್ಣೂರು ವಿಶ್ವವಿದ್ಯಾಲಯದಲ್ಲಿ 2024ರಿಂದ ನಾಲ್ಕು ವರ್ಷದ ಪದ್ಧತಿ ಬಂದಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಆದರೆ ಡಿಗ್ರಿ ಪಡೆದು ಹೊರಡಬಹುದು, ನಾಲ್ಕು ವರ್ಷದ ಆನರ್ಸ್‌ಗೆ 177 ಬೇಕು. ಮೂರಕ್ಕೆ ಹೊರಟವರನ್ನು ‘ಬಿಟ್ಟವರು’ ಎಂದು ಎಣಿಸಬೇಡಿ. ಆದರೆ ನಾಲ್ಕನೇ ವರ್ಷ ಅದೇ ಕಾಲೇಜಿನಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕನ್ನಡವನ್ನೇ ಮುಖ್ಯ ವಿಷಯವಾಗಿ ಓದುವ ಆಸೆಯಿದ್ದರೆ ಕಾಸರಗೋಡು ಸರಕಾರಿ ಕಾಲೇಜಿಗೇ ಮೊದಲ ಆಯ್ಕೆ ಕೊಡಿ. 1957ರಲ್ಲಿ ಶುರುವಾದ ಈ ಕಾಲೇಜಿನಲ್ಲಿ ಕನ್ನಡ ಎಂಎವರೆಗೂ ಇದೆ. ಬಿಕಾಂ, ಬಿಬಿಎಗೆ ಮನೆ ಹತ್ತಿರದ ಟ್ರಸ್ಟ್ ಕಾಲೇಜು ಸಾಕೆನ್ನಿಸಿದರೆ ಮೇಲಿನ ಮೂರು ಬ್ಯಾಚುಗಳ ಸಂಖ್ಯೆ ಬರೆಸಿಕೊಂಡ ಮೇಲೆಯೇ ಫೀಸು ಕಟ್ಟಿ. ಸರಕಾರದ ವಿದ್ಯಾರ್ಥಿವೇತನವಾದ ಇ-ಗ್ರಾಂಟ್ಸ್‌ಗೆ ಅರ್ಹರಾದವರು ಅರ್ಜಿಯನ್ನು ಆಫೀಸಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಹಣ ತಡವಾದರೆ ಪರೀಕ್ಷಾ ಶುಲ್ಕವನ್ನು ಮಗುವಿನ ಕೈಯಿಂದ ಕೇಳುತ್ತಾರೆಯೇ ಎಂಬುದನ್ನೂ ಅದೇ ದಿನ ಕೇಳಿ ತಿಳಿದುಕೊಳ್ಳಿ.