ಸಿ.ಡಿ. ಗೀರು ತೆಗೆಯುವ ಕೈಯಂತ್ರ: ಎರಡು ಮಳೆಗಾಲಗಳ ಬಳಕೆಯ ನಂತರ

ಹಿಂದುಸ್ತಾನಿ ಕಛೇರಿಗಳು ಸಾಮಾನ್ಯವಾಗಿ ಭೈರವಿ ರಾಗದಲ್ಲಿ ಮುಗಿಯುತ್ತವೆ. ಸಿ.ಡಿ.ಯಾದರೋ ಒಳಸುತ್ತಿನಿಂದ ಆರಂಭವಾಗಿ ಅಂಚಿನ ಕಡೆಗೆ ಓಡುತ್ತದೆ. ಹೀಗಾಗಿ ತುಂಬಿದ ತಟ್ಟೆಯಲ್ಲಿ ಭೈರವಿಗೆ ಸಿಗುವ ಜಾಗವೆಂದರೆ ಬೆರಳು ತಾಗುವ, ಪೌಚಿನ ಬಾಯಿ ಉಜ್ಜುವ ಅಂಚು. ಶಿರಸಿಯ ನಮ್ಮ ಮನೆಯಲ್ಲಿರುವ ನೂರ ನಲವತ್ತು ಸಿ.ಡಿ.ಗಳಲ್ಲಿ ಮನ್ಸೂರ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಎಲ್ಲರೂ ಇದ್ದಾರೆ. ಮೊದಲು ಕೆಟ್ಟವೆಲ್ಲ ಭೈರವಿಗಳೇ. ಯಕ್ಷಗಾನದ ತಟ್ಟೆಗಳಲ್ಲಿ ಚಂಡೆಯ ಒಂದೇ ಪೆಟ್ಟು ಹತ್ತಾರು ಸಲ ಮರುಕಳಿಸುತ್ತಿತ್ತು.

ಎರಡು ವರ್ಷಗಳ ಹಿಂದೆ ಈ ಕೈಯಂತ್ರವನ್ನು 1,600 ರೂಪಾಯಿ ಕೊಟ್ಟು ತರಿಸಿದೆ. ಮನೆಯವಳು ಇದನ್ನು ಬೀಸುಕಲ್ಲು ಎಂದೇ ಕರೆಯುತ್ತಾಳೆ, ಅದರಲ್ಲಿ ತಪ್ಪೇನೂ ಇಲ್ಲ. ಸಂಜೆಯ ಚಹಾ ಮುಗಿದ ಮೇಲೆ ಜಗಲಿಯ ಕಿಟಕಿಯ ಪಕ್ಕ ಕುಳಿತು, ಅಂಟುವಾಳದ ತೆಳು ನೊರೆಯಲ್ಲಿ ತಟ್ಟೆಯನ್ನು ತೊಳೆದು, ಒಳ್ಳೆಯ ನೀರಿನಲ್ಲಿ ಜಾಲಿಸಿ, ಹಳೆಯ ಪಂಚೆಯ ತುಂಡಿನಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತೇನೆ. ದುಂಡಗೆ ಒರೆಸಬಾರದು: ಹಾಡು ಸುರುಳಿಯಾಗಿ ಸಾಗುವುದರಿಂದ ಅದರ ದಾರಿಯುದ್ದಕ್ಕೂ ಬಿದ್ದ ಗೀರು ಒಂದೇ ಕಡೆ ಬಹಳಷ್ಟನ್ನು ಮರೆಮಾಡುತ್ತದೆ, ಅಡ್ಡಗೀರಾದರೆ ಪ್ರತಿ ಸುತ್ತಿಗೆ ಸ್ವಲ್ಪವೇ ಹೋಗುತ್ತದೆ. ಸುಮಾರು 2.5 ಮಿಲಿಮೀಟರಿನವರೆಗಿನ ಲೋಪವನ್ನು ಪ್ಲೇಯರ್ ತಾನೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಯಂತ್ರದ ಚಕ್ರವೂ ನಡುವಿನಿಂದ ಅಂಚಿಗೆ ನವಿರಾದ ಗೆರೆಗಳನ್ನೇ ಬಿಡುತ್ತದೆ. ಮೊದಲ ಸಲ ಅವನ್ನು ನೋಡಿದಾಗ ತಟ್ಟೆ ಹಾಳಾಯಿತೆಂದೇ ಗಾಬರಿಪಟ್ಟೆ, ಆದರೆ ಅವು ಕೇಳುವುದಕ್ಕೆ ಅಡ್ಡಿಯಾಗಲಿಲ್ಲ. ದ್ರವ ಸಿಂಪಡಿಸಿ, ಹಿಡಿಕೆಯನ್ನು ಎರಡು ನಿಮಿಷ ತಿರುಗಿಸಿ, ಒರೆಸಿ ಪ್ಲೇಯರಿಗೆ ಹಾಕಿದಾಗ ನಿಂತಿದ್ದ ತಾನ ನಿಲ್ಲದೆ ಮುಂದಕ್ಕೆ ಸಾಗಿದ್ದನ್ನು ಕೇಳಿ, ಚಹಾದ ಲೋಟ ಎತ್ತಿಡುವುದನ್ನೂ ಮರೆತು ಕುಳಿತಿದ್ದೆ.

ನನಗೆ ಬೇಸರ ತಂದದ್ದು ಡಬ್ಬಿಯ ಮೇಲಿನ ಮಾತು. "ಯಾವುದೇ ಗೀರು" ಎಂದು ಅಲ್ಲಿ ಮುದ್ರಿಸಿದ್ದಾರೆ. ಸಿ.ಡಿ.ಯ ದಪ್ಪ 1.2 ಮಿಲಿಮೀಟರ್, ಅದರಲ್ಲಿ ಬಹುಪಾಲು ಪಾರದರ್ಶಕ ಪಾಲಿಕಾರ್ಬೋನೇಟ್. ಹಾಡು ಇರುವುದು ಅದರ ಮೇಲ್ತುದಿಯಲ್ಲಿ, ಚಿತ್ರ ಮುದ್ರಿಸಿದ ಬದಿಯ ತೆಳು ಲೋಹಪದರಕ್ಕೆ ಅಂಟಿಕೊಂಡು. ಅದರ ರಕ್ಷಣೆಗೆ ಇರುವುದು ಒಂದು ಲೇಪ ಮಾತ್ರ. ಹೊಳೆಯುವ ಬದಿ ಗೀರಿದರೆ ತಿಕ್ಕಬಹುದು, ಚಿತ್ರದ ಬದಿ ಗೀರಿದರೆ ಹಾಡೇ ಕಿತ್ತುಹೋಗಿರುತ್ತದೆ. ಅಂಥದೊಂದು ಭೈರವಿಗೆ ನಾನು ಮೂರು ಸಂಜೆ ಹಿಡಿಕೆ ತಿರುಗಿಸಿದೆ. ನಾಲ್ಕನೆಯ ದಿನ ತಟ್ಟೆಯನ್ನು ಬಲ್ಬಿಗೆ ಹಿಡಿದು ನೋಡಿದರೆ ಅಂಚಿನ ಬಳಿ ಸೂಜಿಮೊನೆಯಷ್ಟು ಗಾತ್ರದ ಏಳೆಂಟು ಬೆಳಕಿನ ಚುಕ್ಕೆಗಳು ಕಂಡವು. ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದ ಕಾಗದದ ಪೌಚನ್ನು ಅದರಿಂದ ಎಳೆದು ಕಿತ್ತವನು ನಾನೇ, ಆ ಪಾಪವನ್ನು ಯಂತ್ರದ ತಲೆಗೆ ಕಟ್ಟಲಾರೆ. ಆದರೆ "ಮೊದಲು ಬೆಳಕಿಗೆ ಹಿಡಿದು ನೋಡಿ" ಎಂಬ ಒಂದು ಸಾಲನ್ನು ಸೂಚನಾಪತ್ರದಲ್ಲಿ ಸೇರಿಸಲು ಎಷ್ಟು ಶಾಯಿ ಬೇಕು? ಗ್ರಾಹಕ ಸೇವೆಗೆ ಪತ್ರ ಬರೆದರೆ, ಇನ್ನೊಮ್ಮೆ ತಿಕ್ಕಿ ನೋಡಿ ಎಂಬ ಉತ್ತರ ಬಂತು.

ಆ ಬಳಿಕ ಕೆಟ್ಟ ತಟ್ಟೆಗಳನ್ನೆಲ್ಲ ಮೊದಲು ತೊಳೆದೇ ಪರೀಕ್ಷಿಸಿದೆ. ನಲವತ್ತೆರಡರಲ್ಲಿ ಹತ್ತೊಂಬತ್ತು ಬರೀ ಅಂಟುವಾಳಕ್ಕೇ ಸರಿಯಾದವು! ಯಂತ್ರದಿಂದ ಸರಿಯಾದವು ಹನ್ನೆರಡು. ನಮ್ಮ ಅಂಗಳದಲ್ಲಿ ಪುಕ್ಕಟೆ ಸಿಗುವ ಕಾಯಿ ಯಂತ್ರವನ್ನು ಸೋಲಿಸಿತೆಂದು ಮನೆಯವಳು ನಕ್ಕಳು. ಆದರೂ ಆ ಹನ್ನೆರಡರಲ್ಲಿ ಈಗ ಎಲ್ಲಿಯೂ ಸಿಗದ ಎರಡು ತಾಳಮದ್ದಳೆಗಳಿವೆ, ಅವುಗಳ ಮಟ್ಟಿಗೆ 1,600 ರೂಪಾಯಿ ನನಗೆ ಹೊರೆಯಲ್ಲ. ಸರಿಯಾದದ್ದನ್ನು ಅದೇ ಸಂಜೆ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ. ಬ್ಲೂ-ರೇ ತಟ್ಟೆಯನ್ನು ಮಾತ್ರ ಇದಕ್ಕೆ ಕೊಡಬೇಡಿ. ಅದರ ದತ್ತಾಂಶ ಹೊಳೆಯುವ ಮೈಯಿಂದ 0.1 ಮಿಲಿಮೀಟರ್ ಆಳದಲ್ಲೇ ಇರುತ್ತದೆ.

ತಿಕ್ಕುವ ಚಕ್ರ ಸವೆಯುತ್ತದೆ. ಬದಲಿ ಚಕ್ರಕ್ಕೆ ಅಂಚೆವೆಚ್ಚ ಸೇರಿ 450 ರೂಪಾಯಿ, ಪಿಂಚಣಿಯ ಲೆಕ್ಕದಲ್ಲಿ ಅದು ಹೆಚ್ಚೇ. ಈ ಸಲ ಹೊಸದನ್ನು ತರಿಸಿಲ್ಲ. ಈಗಿರುವ ಚಕ್ರ ಬಾಕಿ ಉಳಿದ ಹನ್ನೊಂದು ತಟ್ಟೆಗಳಲ್ಲಿ ಇನ್ನು ನಾಲ್ಕಕ್ಕೆ ಬಂದೀತು. ಬಲ್ಬಿನ ಕೆಳಗೆ ಒಂದೊಂದನ್ನೇ ಹಿಡಿದು ಆ ನಾಲ್ಕನ್ನು ಆರಿಸುತ್ತಿದ್ದೇನೆ.