ಒಂದೇ ಮನೆ, ನಾಲ್ಕು ಕಡೆ, ನಾಲ್ಕು ವಿಧಾನ

"ಒರೆಸಿದಾಗ ಮಾತ್ರ ಚೆನ್ನಾಗಿರುತ್ತೆ. ಆರಿದ ಮೇಲೆ ಮತ್ತೆ ಅದೇ, ಬೂದಿ ಬಳಿದ ಹಾಗೆ."

ಮೈಸೂರಿನ ನಮ್ಮ ಮನೆಯ ಹಾಲ್‌ನ ಮಾರ್ಬಲ್ ನೆಲದ ಬಗ್ಗೆ ಅಮ್ಮ ಹತ್ತು ವರ್ಷದಿಂದ ಹೇಳುತ್ತಿದ್ದ ಮಾತಿದು. ನಾವು ಅದನ್ನು ಗೊಣಗಾಟ ಅಂದುಕೊಂಡಿದ್ದೆವು. ಮೂರು ಥರದ ಪಾಲಿಶ್‌ಗೆ, ಒಂದು ಕಡೆ ಟೈಲ್ಸ್‌ಗೆ ದುಡ್ಡು ಸುರಿದ ಮೇಲೆ ಗೊತ್ತಾಯಿತು, ನೆಲಕ್ಕೆ ಏನಾಗಿದೆ ಅನ್ನುವುದು ಪೂರ್ತಿ ಆ ಒಂದು ಮಾತಲ್ಲೇ ಇತ್ತು ಅಂತ. ಸವೆದ ಮಾರ್ಬಲ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳಿರುತ್ತವೆ, ಬೆಳಕು ಅವಕ್ಕೆ ತಾಗಿ ದಿಕ್ಕುಪಾಲಾಗುತ್ತದೆ. ನೀರು ಆ ಗೀರುಗಳನ್ನು ತುಂಬಿದಾಗ ಕಲ್ಲಿನ ಬಣ್ಣ, ಗೆರೆ ಎಲ್ಲ ಎದ್ದು ಕಾಣುತ್ತವೆ. ಒದ್ದೆಯಾದಾಗ ಚೆನ್ನಾಗಿ ಕಾಣುವ ನೆಲ ಕೆಟ್ಟಿಲ್ಲ, ಅದರ ಮೇಲ್ಮೈ ಮಾತ್ರ ಹಾಳಾಗಿದೆ. ಕಿತ್ತು ಎಸೆಯುವ ಮಾತಾಡುವ ಮೊದಲು ಒಂದು ಚೆಂಬು ನೀರು ಚೆಲ್ಲಿ ನೋಡಿ.

ಮನೆ ಕಟ್ಟಿದ್ದು 1992ರಲ್ಲಿ. ಬಿಳಿ ಮಾರ್ಬಲ್, ಸುತ್ತ ನಾಲ್ಕಿಂಚಿನ ಹಸಿರು ಪಟ್ಟಿ. ಆ ಕಾಲದ ಮನೆಗಳಲ್ಲಿ ಬೆಳೆದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಲ್ಲಿನಲ್ಲಿ 'ಮಕ್ರಾನ' ಅಂತಿದೆ, ಅಪ್ಪ ಇವತ್ತಿಗೂ ತಾಜ್ ಮಹಲಿನ ಕಲ್ಲು ಎಂದೇ ನೆಂಟರಿಗೆ ಹೇಳುತ್ತಾರೆ. ನನಗೇನೋ ರಾಜಸ್ಥಾನದಿಂದ ಲಾರಿ ಹತ್ತಿದ ಕಲ್ಲೆಲ್ಲ ಮೈಸೂರು ಮುಟ್ಟುವಷ್ಟರಲ್ಲಿ ಮಕ್ರಾನ ಆಗಿಬಿಡುತ್ತಿತ್ತು ಅಂತ ಗುಮಾನಿ. ಅದಿರಲಿ. ಆಗ ಕಲ್ಲು ಹಸಿಯಾಗಿ ಬರುತ್ತಿತ್ತು, ಹಾಸಿದ ಮೇಲೆ ಮನೆಯಲ್ಲೇ ಪಾಲಿಶ್ ಮಾಡುತ್ತಿದ್ದರು. ದಪ್ಪ 18 ಮಿಲಿಮೀಟರಿನ ಆಸುಪಾಸು. ಒಂದು ಸಲ ಸರಿಯಾಗಿ ತಿಕ್ಕಿದರೆ ಹೋಗುವುದು ಹೆಚ್ಚೆಂದರೆ ಒಂದು ಮಿಲಿಮೀಟರ್. ಅಂದರೆ ಕಾಲಡಿಯಲ್ಲಿ ಇನ್ನೂ ಎರಡು ತಲೆಮಾರಿಗಾಗುವಷ್ಟು ಕಲ್ಲಿದೆ.

ಸವೆಸಿದ್ದು ಯಾರು ಅಂದರೆ ನಾವೇ. ಮಾರ್ಬಲ್ ಅಂದರೆ ಸುಣ್ಣದ ಕಲ್ಲಿನ ಜಾತಿ, ಗಡಸುತನದ ಲೆಕ್ಕದಲ್ಲಿ ಹತ್ತಕ್ಕೆ ಮೂರು. ಚಪ್ಪಲಿಗೆ ಅಂಟಿ ಒಳಗೆ ಬರುವ ಮರಳು ಏಳು. ಬಾಗಿಲಿನಿಂದ ಅಡುಗೆಮನೆವರೆಗೆ ಮೂವತ್ತು ವರ್ಷದ ಓಡಾಟ ಒಂದು ಮಂಕು ದಾರಿಯನ್ನೇ ಹಾಕಿತ್ತು. ಮೇಲೆ ಹುಳಿ. ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುವ ಜಾಗದಲ್ಲಿ ಬಿಳಿ ಚುಕ್ಕೆಗಳು, ಹುಣಸೆರಸ ಚೆಲ್ಲಿದ ಕಡೆ ನಕ್ಷೆ. ಇದಕ್ಕೆಲ್ಲ ಕಿರೀಟ ಇಟ್ಟವನು ನಾನು. ಒಂದು ಯುಗಾದಿಗೆ ಕಕ್ಕಸು ತೊಳೆಯುವ ಆ್ಯಸಿಡ್ ನೀರಿಗೆ ಬೆರೆಸಿ ಹಾಲ್ ತೊಳೆದೆ. ಸಣ್ಣಗೆ ನೊರೆ ಬಂತು, ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ಬಿಡುತ್ತಿದ್ದದ್ದು ಕಲ್ಲು.

ನಾಲ್ಕು ಬೇರೆ ಬೇರೆ ವಿಧಾನ ಪ್ರಯತ್ನಿಸಿದ್ದು ವಿಜ್ಞಾನದ ಹಂಬಲದಿಂದಲ್ಲ, ಮನೆಯಲ್ಲಿ ನಾಲ್ಕು ಅಭಿಪ್ರಾಯ ಇದ್ದವು ಅಷ್ಟೆ. ಅಪ್ಪನಿಗೆ ಹಳೇ ಥರದ ಕಲ್ಲಿನ ಪಾಲಿಶ್ ಆಗಬೇಕು. ನನಗೆ ಡೈಮಂಡ್, ಅಂದರೆ ವಜ್ರದ ಪುಡಿ ಕೂರಿಸಿದ ಪ್ಯಾಡಿನಲ್ಲಿ ತಿಕ್ಕುವುದು. ಹೆಂಡತಿಯ ಅಣ್ಣನ ಮನೆಯಲ್ಲಿ ಕ್ರಿಸ್ಟಲ್ ಪಾಲಿಶ್ ಮಾಡಿಸಿ ಕನ್ನಡಿ ಆಗಿದೆಯಂತೆ. ಮಹಡಿಯಲ್ಲಿರುವ ನನ್ನ ತಮ್ಮ ಮಾತ್ರ, "ಮುದಿ ನೆಲಕ್ಕೆ ಯಾಕೆ ದುಡ್ಡು ಸುರೀತೀರಾ, ಮೇಲೆ ಟೈಲ್ಸ್ ಹಾಕಿ ಮುಗಿಸಿ" ಅಂದ. 2023ರಲ್ಲಿ ಶುರುಮಾಡಿದೆವು.

ಅಪ್ಪನ ಕೋಣೆ: ಸಾದಾ ಪಾಲಿಶ್

ಚದರಡಿಗೆ 18 ರೂಪಾಯಿ. ಬಂದವರು ಇಬ್ಬರು, ಅಡಿಯಲ್ಲಿ ಕಾರ್ಬೊರಂಡಮ್ ಕಲ್ಲು ಸಿಕ್ಕಿಸಿದ ಭಾರೀ ಮಷೀನು. ಏಳು ಕೋಟ್, ಅಂದರೆ ಏಳು ಸುತ್ತು ಉಜ್ಜುವುದು ಅಂತ ಮಾತಾಗಿತ್ತು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ (ನಂಬರ್ ಏರಿದಷ್ಟೂ ಕಲ್ಲಿನ ತರಿ ಸಣ್ಣದು): 60, 120, ಆಮೇಲೆ ನೇರ 320, ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಉಜ್ಜಿದರು. ನಾಲ್ಕೇ. ಈ ಕೆಲಸದ ಗುಟ್ಟಿರುವುದೇ ಇಲ್ಲಿ. ಪ್ರತಿ ನಂಬರಿನ ಕಲ್ಲು ತನ್ನ ಹಿಂದಿನ ಕಲ್ಲು ಬಿಟ್ಟ ಗೀರನ್ನು ಅಳಿಸಿ, ತನ್ನದೇ ಸಣ್ಣ ಗೀರು ಬಿಟ್ಟು ಹೋಗಬೇಕು. ನಡುವೆ ಒಂದು ಮೆಟ್ಟಿಲು ಹಾರಿದರೆ ಹಳೇ ಗೀರು ಅಲ್ಲೇ ಉಳಿಯುತ್ತದೆ, ಪುಡಿಯ ಹೊಳಪು ಅದನ್ನು ಒಂದಷ್ಟು ದಿನ ಮುಚ್ಚಿಡುತ್ತದೆ.

ಸಂಜೆ ನೋಡಿದರೆ ಕೋಣೆ ಫಳಫಳ. ಅಪ್ಪ ಗೆದ್ದ ಮುಖ ಮಾಡಿ ಓಡಾಡಿದರು. ಮಾರನೇ ದಿನ ಬಚ್ಚಲಿನ ನೀರು ಇಳಿಯಲಿಲ್ಲ. ಕಲ್ಲಿನ ಹಾಲಿನಂಥ ರಾಡಿಯನ್ನೆಲ್ಲ ಅವರು ಬಚ್ಚಲಿಗೇ ಗುಡಿಸಿದ್ದರು. ಅದು ಪೈಪಿನೊಳಗೆ ತಳ ಕೂತು ಸಿಮೆಂಟಿನ ಹಾಗೆ ಬಿಗಿದಿತ್ತು. ಪ್ಲಂಬರಿಗೆ 1,200 ಕೊಟ್ಟೆವು, ಅಲ್ಲಿಗೆ 18 ರೂಪಾಯಿಯ ಪಾಲಿಶ್ 27 ಆಯಿತು.

ವಿಧಾನವೇ ಕೆಟ್ಟದ್ದು ಅಂತ ಹೇಳಲಾರೆ. 1992ರಲ್ಲಿ ಇದೇ ನೆಲಕ್ಕೆ ಇದೇ ಥರದ ಕಲ್ಲಿನಲ್ಲಿ ಪಾಲಿಶ್ ಆಗಿ ಹದಿನೈದು ವರ್ಷ ನಿಂತಿದೆ. ಆಗಿನವರು ನಂಬರ್ ಹಾರಲಿಲ್ಲ, ಅಷ್ಟೆ.

ಹಾಲ್: ಡೈಮಂಡ್ ಪ್ಯಾಡ್

280 ಚದರಡಿ, ಸಂದು ತುಂಬುವುದೂ ಸೇರಿ ಅಡಿಗೆ 48 ರೂಪಾಯಿ. ಈ ಮೇಸ್ತ್ರಿ ಬಂದವರೇ ಮಷೀನು ಇಳಿಸಲಿಲ್ಲ. ಕಿಟಕಿಯ ಪರದೆ ಎಳೆದು, ಮೊಬೈಲ್ ಟಾರ್ಚನ್ನು ನೆಲಕ್ಕೆ ಅಡ್ಡ ಮಲಗಿಸಿದರು. ಅಲ್ಲಿಯವರೆಗೆ ನಾವು 'ಸ್ವಲ್ಪ ಮಂಕು' ಅಂದುಕೊಂಡಿದ್ದ ನೆಲ ಉತ್ತ ಹೊಲದ ಹಾಗೆ ಕಂಡಿತು. ಎಟಿಎಂ ಕಾರ್ಡಿನ ಅಂಚನ್ನು ಕಲ್ಲಿಂದ ಕಲ್ಲಿಗೆ ಜಾರಿಸಿ, ಎಲ್ಲಿ ತಡೆಯಿತೋ ಅಲ್ಲೆಲ್ಲ ಪೆನ್ಸಿಲ್ ಗುರುತು. ಆಮೇಲೆ ಐದು ರೂಪಾಯಿ ನಾಣ್ಯದಲ್ಲಿ ಪ್ರತಿ ಕಲ್ಲನ್ನೂ ತಟ್ಟುತ್ತಾ ಹೋದರು. ಎರಡು ಕಲ್ಲು ಟೊಳ್ಳು ಸದ್ದು ಮಾಡಿದವು. ಅವಕ್ಕೆ ಸಂದಿನಿಂದ ತೆಳ್ಳಗಿನ ಎಪಾಕ್ಸಿ ಅಂಟು ಇಳಿಸಿ ಒಂದು ರಾತ್ರಿ ಬಿಟ್ಟರು.

ಹಳೇ ಸಂದುಗಳಲ್ಲಿ ಕಪ್ಪಾಗಿದ್ದ ವೈಟ್ ಸಿಮೆಂಟನ್ನು ತೆಳು ಬ್ಲೇಡಿನಲ್ಲಿ ಕೆರೆದು ತೆಗೆದದ್ದೇ ಅರ್ಧ ದಿನ. ಅದರ ಜಾಗಕ್ಕೆ ತುಂಬಿದ ಎಪಾಕ್ಸಿಗೆ ಬಣ್ಣ ಬೆರೆಸುವುದನ್ನು ಅಮ್ಮ ಪಕ್ಕದಲ್ಲೇ ಕೂತು ನೋಡಿದಳು. ಬರೀ ಬಿಳಿ ಹಾಕಿದರೆ ಸುಣ್ಣದ ಗೆರೆ ಎಳೆದಂತೆ ಕಾಣುತ್ತದೆ. ಬಿಳಿಗೆ ಚೂರು ಬೂದಿ, ಸಾಸಿವೆಯಷ್ಟು ಹಳದಿ. "ಹಳೇ ಹಲ್ಲಿನ ಬಣ್ಣ ಬರಬೇಕಮ್ಮಾ" ಅಂದರು ಮೇಸ್ತ್ರಿ.

ಆಮೇಲೆ ನೀರು, ಮಷೀನು, ನಂಬರುಗಳು: 50, 100, 200, 400, 800. ಎರಡು ದಿನ. ಹಳೇ ಮನೆಯ ವೈರಿಂಗ್ ತಡೆಯದೆ ಫ್ಯೂಸ್ ಎರಡು ಸಲ ಹೋಯಿತು, ಕೊನೆಗೆ ಗೀಸರಿನ ಪಾಯಿಂಟಿನಿಂದ ವೈರ್ ಎಳೆದರು. ಗೋಡೆಗೆ ಮೂರಡಿ ಎತ್ತರ ಪ್ಲಾಸ್ಟಿಕ್ ಅಂಟಿಸಿದ್ದರೂ ದೇವರಮನೆಯ ಬಾಗಿಲ ಮೇಲೆ ರಾಡಿಯ ಚುಕ್ಕೆ. ರಾಡಿಯನ್ನು ವ್ಯಾಕ್ಯೂಮಿನಲ್ಲಿ ಎಳೆದು ಬಕೆಟ್ಟಿಗೆ ತುಂಬಿದರು. ನೀರು ತಿಳಿಯಾದ ಮೇಲೆ ಕೆಳಗೆ ಉಳಿದ ಗಸಿಯನ್ನು ಚೀಲಕ್ಕೆ ಕಟ್ಟಿ ತಾವೇ ಒಯ್ದರು. ಆ ಚೀಲ ನೋಡಿದಾಗಲೇ ನನಗೆ ಇವರ ಮೇಲೆ ನಂಬಿಕೆ ಬಂದದ್ದು.

200ರ ಪ್ಯಾಡ್ ಮುಗಿಯುವವರೆಗೂ ನೆಲ ಸಿಮೆಂಟಿನ ಹಾಗೆ ಕಾಣುತ್ತದೆ, ಹೆದರಬೇಡಿ. 400ರಲ್ಲಿ ಬೂದು ಗೆರೆಗಳು ಏಳುತ್ತವೆ. 800ರಲ್ಲಿ ಕಿಟಕಿಯ ಸರಳು ಮಸುಕಾಗಿ ನೆಲದಲ್ಲಿ ಕಂಡಿತು. ಅಮ್ಮ ಬರಿಗಾಲಲ್ಲಿ ಒಂದು ಸುತ್ತು ಹಾಕಿ, "ಸಾಕು ಮೇಸ್ತ್ರಿ, ಇಲ್ಲಿಗೇ ನಿಲ್ಲಿಸಿ. ಇನ್ನೂ ಹೊಳೆಸಿದ್ರೆ ಇವರು ಜಾರಿ ಬೀಳ್ತಾರೆ" ಅಂದಳು.

"ಅಮ್ಮಾ, ಮೂರು ಸಾವಿರದ ಪ್ಯಾಡಿಗೆ ಹೋಗ್ದೇ ಇದ್ರೆ ನನ್ನ ಕೆಲಸವೇ ಕಾಣ್ಸಲ್ವಲ್ಲ."

"ಕಾಣ್ಸೋದು ಬೇಡ, ಕಾಲು ನಿಲ್ಲಲಿ."

ಮೇಸ್ತ್ರಿಗೆ ನಿಜಕ್ಕೂ ಬೇಜಾರಾಯಿತು. ಕೊನೆಗೆ ದಿವಾನದ ಕೆಳಗಿನ ನಾಲ್ಕಡಿ ಜಾಗ ಕೇಳಿ ಪಡೆದು, ಅಲ್ಲಿ ಮಾತ್ರ 1500, 3000, ಮೇಲೆ ಟಿನ್ ಆಕ್ಸೈಡ್ ಪುಡಿ ಹಾಕಿ ಉಜ್ಜಿ ಕನ್ನಡಿ ಮಾಡಿ ಹೋದರು.

ನಡುಮನೆ: ಕ್ರಿಸ್ಟಲ್

ಅಡಿಗೆ 20 ರೂಪಾಯಿ, ಒಂದೇ ಮಧ್ಯಾಹ್ನ, ರಾಡಿಯಿಲ್ಲ, ಗಲಾಟೆಯಿಲ್ಲ. ಹುಳಿ ಸ್ವಭಾವದ ಒಂದು ದ್ರವ ಸಿಂಪಡಿಸಿ, ಉಕ್ಕಿನ ನಾರಿನ ಪ್ಯಾಡ್ ಹಾಕಿದ ಮಷೀನಿನಿಂದ ಬಿಸಿಯೇಳುವಂತೆ ಉಜ್ಜುತ್ತಾರೆ. ದ್ರವದಲ್ಲಿರುವ ಫ್ಲೋರೋಸಿಲಿಕೇಟ್ ಕಲ್ಲಿನ ಸುಣ್ಣದ ಜೊತೆ ಸೇರಿ, ಕಲ್ಲಿಗಿಂತ ಚೂರು ಗಟ್ಟಿಯಾದ ತೆಳು ಪದರವಾಗುತ್ತದೆ. ಹೊಳಪೇನೋ ಬಂತು, ಸುಳ್ಳಲ್ಲ. ಆದರೆ ಗೀರುಗಳೂ ಅದರಡಿಯಲ್ಲಿ ಹಾಗೇ ಹೊಳೆದವು. ಸುತ್ತಲಿನ ಹಸಿರು ಪಟ್ಟಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದು ಹೆಸರಿಗೆ ಮಾರ್ಬಲ್, ಸರ್ಪೆಂಟೈನ್ ಅನ್ನುವ ಬೇರೆಯೇ ಕಲ್ಲು, ದ್ರವಕ್ಕೆ ಬೇಕಾದ ಸುಣ್ಣ ಅದರಲ್ಲಿಲ್ಲ. ಬಿಳಿ ಹೊಳೆದು ಹಸಿರು ಮಂಕಾಗಿ, ಇಸ್ತ್ರಿ ಮಾಡಿದ ಸೀರೆಗೆ ಮುದುಡಿದ ಅಂಚು ಹೊಲಿದ ಹಾಗಾಯಿತು.

ತಮ್ಮನ ಮಹಡಿ: ಟೈಲ್ಸ್

ಎಲ್ಲ ಸೇರಿ ಅಡಿಗೆ 190 ಬಿತ್ತು. ಮಾರ್ಬಲ್ ಮೇಲೆ ಕಚ್ಚು ಹೊಡೆದು, ಗಮ್ ಬಳಿದು, ಎರಡಡಿ-ಎರಡಡಿಯ ವಿಟ್ರಿಫೈಡ್. ನೆಲ ಅರ್ಧ ಇಂಚು ಮೇಲೇರಿತು. ಆ ಅರ್ಧ ಇಂಚಿನ ಹಿಂದೆ ಬಂದ ಮೆರವಣಿಗೆ ನೋಡಿ: ಎರಡು ಬಾಗಿಲ ಅಡಿ ಹೆರೆಯಬೇಕಾಯಿತು, ಗೋಡೆಬೀರುವಿನ ಕೆಳಗಿನ ಬಾಗಿಲು ತೆರೆಯದಾಯಿತು, ಮೆಟ್ಟಿಲಿನ ಕೊನೆಯ ಹಂತ ಉಳಿದವಕ್ಕಿಂತ ಎತ್ತರವಾಗಿ ಎಲ್ಲರೂ ಒಂದು ಸಲವಾದರೂ ಅಲ್ಲಿ ಎಡವಿದ್ದೇವೆ. ಆದರೂ ಒಂದು ಮಾತು ಒಪ್ಪಬೇಕು. ಅವನ ಅಡುಗೆಮನೆಯಲ್ಲಿ ನಿಂಬೆ, ಹುಣಸೆ, ಮಜ್ಜಿಗೆ ಏನು ಚೆಲ್ಲಿದರೂ ಚಿಂತೆಯಿಲ್ಲ. ಅಡುಗೆಮನೆಗೆ ಮಾತ್ರ ಅವನೇ ಸರಿ.

ಬಾಟಲಿಯ ಲಿಕ್ವಿಡ್ ಪಾಲಿಶನ್ನೂ ನಾನು ಮೂಲೆಯೊಂದರಲ್ಲಿ ಪ್ರಯತ್ನಿಸಿದ್ದೆ. ಮೇಣ. ಮೂರು ವಾರ ಹೊಳೆದು ಆಮೇಲೆ ಧೂಳು ಹಿಡಿಯಿತು.

ಒಂದೂವರೆ ವರ್ಷದ ನಂತರ, ಒಂದು ರಾತ್ರಿ

ಕರೆಂಟು ಹೋದ ಒಂದು ರಾತ್ರಿ ಮೇಸ್ತ್ರಿಯ ಟಾರ್ಚ್ ವಿದ್ಯೆ ನೆನಪಾಗಿ, ಎಲ್ಲ ಕಡೆ ಮಲಗಿಸಿ ನೋಡಿದೆ. ಅಪ್ಪನ ಕೋಣೆಯಲ್ಲಿ ಚಕ್ರ ಚಕ್ರದ ಗೀರು. ಮಷೀನು ತಿರುಗಿದ ದಾರಿಯನ್ನೇ ಬೆರಳಲ್ಲಿ ಗುರುತಿಸಬಹುದು, ಮಂಚದ ಪಕ್ಕ ಹೊಳಪು ಆಗಲೇ ಹೋಗಿದೆ. ನಡುಮನೆಯಲ್ಲಿ ಓಡಾಡುವ ದಾರಿ ಮತ್ತೆ ಮಂಕಾಗಿ, ಗೋಡೆಯಂಚು ಮಾತ್ರ ಮಿಂಚುತ್ತಿತ್ತು. ಬಚ್ಚಲ ಬಾಗಿಲ ಹತ್ತಿರ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು. ಅಲ್ಲಿ ಸಿಕ್ಕಿಕೊಂಡ ಉಕ್ಕಿನ ನಾರು ನೀರು ಕುಡಿದು ತುಕ್ಕು ಹಿಡಿದಿತ್ತು. ಮಹಡಿಯ ಟೈಲ್ಸ್ ಕಲೆಯಿಲ್ಲದೆ ಇದ್ದರೂ ನಾಣ್ಯದಲ್ಲಿ ತಟ್ಟಿದಾಗ ಎರಡು ಟೊಳ್ಳು ಅಂದವು.

ಹಾಲ್‌ನಲ್ಲಿ ಮಾತ್ರ ಗೀರು ಹುಡುಕಬೇಕಾಯಿತು. ಗೀರುಗಳಿದ್ದವು, ಆದರೆ ಮೊದಲಿಂದಲೇ ಹೊಳಪು ಕಮ್ಮಿ ಇದ್ದ ನೆಲದಲ್ಲಿ ಅವು ಕಣ್ಣಿಗೆ ಬೀಳಲಿಲ್ಲ. ಕನ್ನಡಿ ಹೊಳಪಿನ ನೆಲ ಮೊದಲ ಗೀರಿನಿಂದಲೇ ಹಳೆಯದಾಗುತ್ತದೆ. 800ಕ್ಕೆ ನಿಂತ ನೆಲಕ್ಕೆ ಆ ಮಾನಭಂಗವಿಲ್ಲ. ಅಮ್ಮ ಹೇಳಿದ್ದು ಅಪ್ಪನ ಕಾಲಿಗಾಗಿ, ಉಳಿದದ್ದು ನೆಲವೂ ಹೌದು. ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ: ಮೊದಲು ಡೈಮಂಡಿನಲ್ಲಿ ಗೀರು ತೆಗೆಸಿ, ಕಾಲಾಡುವ ಕಡೆ 800 ದಾಟಬೇಡಿ. ಕ್ರಿಸ್ಟಲ್ ಮಾಡಿಸುವುದೇ ಆದರೆ ಇದೆಲ್ಲ ಆದ ಮೇಲೆ, ಇದರ ಬದಲಿಗಲ್ಲ.

ಎರಡು ಕಲೆ ಮಾತ್ರ ಯಾವ ಪ್ಯಾಡಿಗೂ ಬಗ್ಗಲಿಲ್ಲ, ಅವು ಕಲ್ಲಿನ ಹೊಟ್ಟೆಗೇ ಇಳಿದಿದ್ದವು. ಒಂದು, ದೀಪದ ಎಣ್ಣೆ. ತಾಜ್ ಮಹಲಿನ ಗೋಡೆ ಹಳದಿಯಾದಾಗ ಪುರಾತತ್ವ ಇಲಾಖೆಯವರು 1994ರಿಂದ ಆಗಾಗ ಮುಲ್ತಾನಿ ಮಿಟ್ಟಿಯ ಲೇಪ ಹಚ್ಚುತ್ತಾ ಬಂದಿದ್ದಾರೆ. ಆರುವಾಗ ಮಣ್ಣು ಕೊಳೆಯನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ನಾನು ಅದೇ ಉಪಾಯಕ್ಕೆ ಟಾಲ್ಕಂ ಪೌಡರಿಗೆ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವ) ಬೆರೆಸಿ, ಕಲೆಯ ಮೇಲೆ ಬೆರಳು ದಪ್ಪ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಆರಲು ಬಿಟ್ಟೆ. ಕಿಟಕಿ ತೆರೆದಿಡಿ, ಪಕ್ಕದಲ್ಲಿ ದೀಪ ಹಚ್ಚಬೇಡಿ. ಮೂರನೇ ಸಲಕ್ಕೆ ಮುಕ್ಕಾಲು ಪಾಲು ಹೋಯಿತು. ಇನ್ನೊಂದು, ಗ್ಯಾಸ್ ಸಿಲಿಂಡರಿನ ತುಕ್ಕಿನ ಬಳೆ. ಅದು ಹೋಗಿಲ್ಲ. ಅಮ್ಮ ಈಗ ಅದರ ಮೇಲೇ ರಂಗೋಲಿ ಡಬ್ಬ ಇಡುತ್ತಾಳೆ, ಸುತ್ತಳತೆ ಸರಿಯಾಗಿದೆಯಂತೆ.

ಮೆಟ್ಟಿಲು ಬಾಕಿ ಇದೆ. ಅದನ್ನು 400ಕ್ಕೇ ನಿಲ್ಲಿಸಬೇಕು ಅಂತ ಅಮ್ಮ ಮೊದಲೇ ಮಾತಾಡಿದ್ದಾಳೆ, ಮೇಸ್ತ್ರಿ ಈ ಸಲ ವಾದಿಸಲಿಲ್ಲ. ಅವರು ಈಗಾಗಲೇ ಎರಡು ಸಲ ಹೊಸ ಗಿರಾಕಿಗಳನ್ನು ಕರೆದುಕೊಂಡು ಬಂದಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು, ಹಾಲ್ ದಾಟಿ ನೇರ ಹೋಗಿ, ದಿವಾನದ ಹೊದಿಕೆ ಎತ್ತಿ, ಕೆಳಗೆ ಬಗ್ಗಿ ನೋಡಿ ಅನ್ನುತ್ತಾರೆ. ಬಂದವರೂ ಮಂಡಿಯೂರಿ ಅಲ್ಲಿ ತಮ್ಮ ಮುಖ ನೋಡಿಕೊಂಡು ಹೋಗುತ್ತಾರೆ.