‘ಕಂಡೆನ್ಸರ್’ ಅಂದರೆ ಹೀಟ್ ಪಂಪ್ ಅಲ್ಲ ಮಾರಾಯ್ರೆ

ಮಳೆಗಾಲದಲ್ಲಿ ಮಲೆನಾಡಿನ ಬಾಣಂತನ ಹೇಗಿರುತ್ತೆ ಅನ್ನೋದು ಮಾಡಿದವರಿಗೇ ಗೊತ್ತು. ಹೋದ ಆಷಾಢದಲ್ಲಿ ತೀರ್ಥಹಳ್ಳಿಯ ನಮ್ಮನೆಗೆ ಮಗಳು ಕೂಸು ಎತ್ತಿಕೊಂಡು ಬಂದಳು. ದಿನಕ್ಕೆ ಇಪ್ಪತ್ತು ಬಟ್ಟೆ, ಬಿಸಿಲಿನ ಸುಳಿವೇ ಇಲ್ಲ. ಬಚ್ಚಲೊಲೆ ಮೇಲಿನ ಗಳುವಿಗೆ ಹಾಕಿದರೆ ಹೊಗೆ ವಾಸನೆ, ಜಗಲಿಯಲ್ಲಿ ಹಾಕಿದರೆ ಮುಗ್ಗಲು. ಅತ್ತೆ ಕೆಂಡದ ಮೇಲೆ ಬಿದಿರುಬುಟ್ಟಿ ಕವುಚಿ, ಒಂದೊಂದೇ ಅಂಗಿ ಹರವಿ, ಮಗುಚಿ ಹಾಕುತ್ತಾ ಕೂರುತ್ತಿದ್ದರು. ನೋಡಲಾರದೆ ಬಟ್ಟೆ ಒಣಗಿಸುವ ಡ್ರೈಯರ್ ತರಲು ಹೊರಟೆ.

ಹೀಟ್ ಪಂಪಿನದೇ ಬೇಕು, ಅದು ಕರೆಂಟ್ ಕಡಿಮೆ ತಿನ್ನುತ್ತೆ ಅಂತ ಓದಿಕೊಂಡೇ ಹೋಗಿದ್ದೆ. ಅಂಗಡಿಯ ಹುಡುಗ, “ಸರ್, ಇದು ಕಂಡೆನ್ಸರ್ ಮಾಡೆಲ್. ಹೀಟ್ ಪಂಪ್ ಅಂದ್ರೂ ಅದೇ. ಇನ್ನೂ ಬೇಗ ಒಣಗಿಸುತ್ತೆ” ಅಂದ. ನೀರು ಸೇರುವ ಡಬ್ಬಿ ಎಳೆದು ತೋರಿಸಿದ. ಕರೆಂಟ್ ಎಷ್ಟು ತಿನ್ನುತ್ತೆ ಅಂತ ದರ್ಜೆ ಹೇಳುವ ಯುರೋಪಿನ ಸ್ಟಿಕ್ಕರಿನಲ್ಲಿ ‘ಬಿ’ ಅಂತಿತ್ತು. ಎ ಆದಮೇಲೆ ಬಿ ತಾನೆ, ಅಡ್ಡಿಯಿಲ್ಲ ಅಂದುಕೊಂಡೆ. ಆ ಹಳೇ ಲೇಬಲ್ಲಿನಲ್ಲಿ ಎ ಮೇಲೆ ಇನ್ನೂ ಮೂರು ಮೆಟ್ಟಿಲಿವೆ: ಎ+, ಎ++, ಎ+++. ಕೆಳಗೆ ಡಿವರೆಗೆ. ಅಂದರೆ ಏಳರಲ್ಲಿ ನಮ್ಮದು ಐದನೇದು!

ಮನೆಗೆ ತಂದು ಹಚ್ಚಿದ ಕೂಡಲೇ ಫ್ಯಾನು ಸೊರಗಿತು. ಗೀಸರ್ ಜೊತೆ ಹಾಕಿದರೆ ಎಂಸಿಬಿ ಟಪ್ ಅಂತ ಬೀಳುತ್ತಿತ್ತು. ಅನುಮಾನ ಬಂದು ಮೀಟರಿನ ಅಂಕಿ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ. ಏಳು ಕೆಜಿಯ ಒಂದು ಲೋಡ್ ಒಣಗುವಷ್ಟರಲ್ಲಿ ನಾಲ್ಕು ಯೂನಿಟ್ ದಾಟಿತ್ತು. ಯಂತ್ರ ಇಟ್ಟ ಕೋಣೆ ಭತ್ತ ಬೇಯಿಸುವ ಮನೆಯ ಹಾಗೆ ಕಾದಿತ್ತು.

ಕಾರಣ ಆಮೇಲೆ ತಿಳಿಯಿತು. ಎರಡೂ ಬಗೆಯಲ್ಲಿ ನೀರು ಡಬ್ಬಿಗೇ ಬರುತ್ತೆ, ಹಾಗಾಗಿ ಡಬ್ಬಿ ನೋಡಿ ಏನೂ ಗೊತ್ತಾಗುವುದಿಲ್ಲ. ಬರೀ ಕಂಡೆನ್ಸರಿನದು ಕರೆಂಟಿನಿಂದ ಕಾಯುವ ಕಾಯಿಲ್‌ನಿಂದ ಗಾಳಿ ಕಾಯಿಸಿ, ಬಟ್ಟೆಯ ಪಸೆ ಎಳೆದುಕೊಂಡು, ಆ ಕಾವನ್ನೆಲ್ಲ ಕೋಣೆಗೆ ಚೆಲ್ಲುತ್ತೆ. ಹೀಟ್ ಪಂಪಿನದರಲ್ಲಿ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುತ್ತೆ. ಗಾಳಿ ತಣಿಸುವಾಗ ಸಿಕ್ಕ ಕಾವನ್ನೇ ಅದೇ ಗಾಳಿಗೆ ಮತ್ತೆ ಕೊಡುತ್ತೆ. ಅಷ್ಟೇ ಬಟ್ಟೆಗೆ ಸುಮಾರು ಅರ್ಧ ಕರೆಂಟು ಸಾಕು. ಆದರೆ ಕಾವು ಕಮ್ಮಿ, ಸಮಯ ಜಾಸ್ತಿ. ಎರಡೂವರೆ, ಮೂರು ಗಂಟೆಯೂ ಹಿಡಿಯಬಹುದು. “ಬೇಗ ಒಣಗಿಸುತ್ತೆ” ಅಂದಾಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು.

ಈ ಕಾಯಿಲಿನವು ಯುರೋಪಿನ ಒಕ್ಕೂಟದಲ್ಲಿ 2025ರ ಜುಲೈ 1ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಹಾಗೇ ಇಲ್ಲ. ಲೇಬಲ್ಲೂ ಬದಲಾಗಿದೆ, ಪ್ಲಸ್‌ಗಳು ಹೋಗಿ ಎ ಇಂದ ಜಿವರೆಗೆ ಅಷ್ಟೇ. ಹಾಗಾಗಿ ಹೊಸದರ ‘ಸಿ’ಗೂ ಹಳೇದರ ‘ಸಿ’ಗೂ ನೆಂಟಸ್ತನವಿಲ್ಲ.

ಕೊಳ್ಳುವವರು ಮಾತು ಬಿಡಿ, ಬಾಗಿಲು ತೆಗೆದು ಅಂಚಿನಲ್ಲೋ ಹಿಂಬದಿಯಲ್ಲೋ ಇರುವ ತಗಡಿನ ಪ್ಲೇಟ್ ಓದಿ. ಹೀಟ್ ಪಂಪ್ ಆದರೆ ಫ್ರಿಜ್ಜಿನ ಹಾಗೆ ಗ್ಯಾಸಿನ ಹೆಸರು, ಉದಾಹರಣೆಗೆ ಆರ್290 ಅಥವಾ ಆರ್134ಎ, ಎಷ್ಟು ಗ್ರಾಂ ಅಂತ ಬರೆದಿರುತ್ತೆ. ವ್ಯಾಟು ಸಾಮಾನ್ಯವಾಗಿ ಸಾವಿರದ ಆಸುಪಾಸು. ಎರಡು ಸಾವಿರ ದಾಟಿ ಗ್ಯಾಸಿನ ಸುದ್ದಿಯೇ ಇಲ್ಲದಿದ್ದರೆ ಅದು ಕಾಯಿಲಿನದೇ.

ನಮ್ಮದನ್ನು ವಾಪಸ್ ತೆಗೆದುಕೊಳ್ಳಲಿಲ್ಲ, ಬಾಕ್ಸ್ ಒಡೆದಾಗಿತ್ತಂತೆ. ಮೊನ್ನೆ ತಂಗಿಗಾಗಿ ಬೇರೆ ಅಂಗಡಿಗೆ ಫೋನ್ ಮಾಡಿ ಪ್ಲೇಟಿನ ಫೋಟೋ ಕೇಳಿದೆ. ಕಳಿಸಿದ ಪುಣ್ಯಾತ್ಮ. 2,200 ವ್ಯಾಟ್. ಪಕ್ಕದಲ್ಲೇ ಹಸಿರು ಎಲೆಯ ಚಿತ್ರ, ಕೆಳಗೆ ‘ಇಕೋ’ ಅಂತ ಬರೆದಿತ್ತು.